ಹೊರದೇಶದ ಅಂಜೂರದ ಕಡ್ಡಿಯನ್ನು ಮನೆಗೆ ತಂದು ಬೇರು ಬಿಡಿಸುವ ಕ್ರಮ

ಗೇಣುದ್ದದ ಒಂದು ಒಣಕಲು ಕಡ್ಡಿಯಿಂದ ಇಡೀ ಮರವನ್ನು ಪಡೆಯಬಹುದಾದ ಹಣ್ಣಿನ ಗಿಡಗಳು ಹೆಚ್ಚಿಲ್ಲ. ಮಾವಿಗೂ ಸಪೋಟಕ್ಕೂ ಕಸಿ ಬೇಕು, ಕಸಿ ಮಾಡಲು ಬಲ್ಲ ಕೈ ಬೇಕು. ಅಂಜೂರಕ್ಕೆ ಇವೆರಡೂ ಬೇಡ. ಎಲೆ ಉದುರಿಸಿ ನಿಂತ ಕಾಲದಲ್ಲಿ ಕತ್ತರಿಸಿದ ಕಡ್ಡಿ ಹದವಾದ ತೇವ ಸಿಕ್ಕರೆ ತಿಂಗಳೊಳಗೆ ಬೇರು ಬಿಡುತ್ತದೆ, ತಾಯಿಮರದ ಗುಣವನ್ನು ಯಥಾವತ್ತಾಗಿ ಉಳಿಸಿಕೊಳ್ಳುತ್ತದೆ. ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೋ, ಪ್ರವಾಸವೆಂದು ಇಟಲಿಗೋ ಟರ್ಕಿಗೋ ಹೋಗಿ ಅಲ್ಲಿ ಜೇನಿನಂತಹ ಅಂಜೂರವನ್ನು ತಿಂದುಬಂದ ತೋಟಪ್ರಿಯರಿಗೆ, ಮರಳುವಾಗ ಪೆಟ್ಟಿಗೆಯಲ್ಲಿ ನಾಲ್ಕು ಕಡ್ಡಿ ಇಟ್ಟುಕೊಂಡು ಬರಬೇಕೆನಿಸುವುದು ಸಹಜವೇ ಆಗಿದೆ.

ಈ ಕೆಲಸದಲ್ಲಿ ಬೇರು ಬಿಡಿಸುವುದು ಎಲ್ಲಕ್ಕಿಂತ ಸುಲಭದ ಹಂತ. ಕತ್ತರಿ ಹಿಡಿಯುವ ಮೊದಲೇ ಉತ್ತರ ಸಿಗಬೇಕಾದ ಎರಡು ಪ್ರಶ್ನೆಗಳು ಅದಕ್ಕಿಂತ ಕಠಿಣವಾದವು: ಆ ತಳಿ ನಮ್ಮಲ್ಲಿ ಹಣ್ಣು ಬಿಡುತ್ತದೆಯೇ, ಆ ಕಡ್ಡಿಯನ್ನು ನಮ್ಮ ದೇಶದೊಳಗೆ ಬಿಡುತ್ತಾರೆಯೇ. ಎರಡನ್ನೂ ಲಕ್ಷಿಸದೆ ತಂದವರು ಮೂರು ನಾಲ್ಕು ವರ್ಷ ಗಿಡ ಸಾಕಿ, ಬಟಾಣಿ ಗಾತ್ರದ ಕಾಯಿಗಳು ಒಂದೊಂದಾಗಿ ಉದುರುವುದನ್ನು ನೋಡುತ್ತ ಕೂರುತ್ತಾರೆ. ಇಲ್ಲವೇ ವಿಮಾನ ನಿಲ್ದಾಣದಲ್ಲೇ ಕಡ್ಡಿಗಳನ್ನು ಒಪ್ಪಿಸಿ ಬರಿಗೈಯಲ್ಲಿ ಹೊರಬರುತ್ತಾರೆ.

ತಳಿಯ ಆಯ್ಕೆ

ಅಂಜೂರವೆಂದು ನಾವು ತಿನ್ನುವುದು ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲವನ್ನು. ಆ ಹೂಗಳಿಗೆ ಪರಾಗಸ್ಪರ್ಶ ಬೇಕೇ ಬೇಡವೇ ಎಂಬುದರ ಮೇಲೆ ಬೆಳೆಗಾರರು ಅಂಜೂರವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ. ಸಾಮಾನ್ಯ ಅಂಜೂರವು ಪರಾಗವಿಲ್ಲದೆಯೇ ಹಣ್ಣಾಗುತ್ತದೆ. ಸ್ಮಿರ್ನಾ ಗುಂಪಿನ ಅಂಜೂರಕ್ಕೆ ಪರಾಗ ಸಿಗದಿದ್ದರೆ ಕಾಯಿಗಳೆಲ್ಲ ಉದುರುತ್ತವೆ. ಸ್ಯಾನ್ ಪೆಡ್ರೊ ಗುಂಪಿನಲ್ಲಿ ಹಳೆಯ ಕೊಂಬೆಯ ಮೇಲೆ ಬರುವ ಮೊದಲ ಫಸಲು ಪರಾಗವಿಲ್ಲದೆ ಕಚ್ಚುತ್ತದೆ, ಹೊಸ ಚಿಗುರಿನ ಮೇಲಿನ ಮುಖ್ಯ ಫಸಲಿಗೆ ಪರಾಗ ಬೇಕಾಗುತ್ತದೆ. ನಾಲ್ಕನೆಯದು ಕ್ಯಾಪ್ರಿ ಅಂಜೂರ. ಅದು ಗಂಡು ಮರ, ತಿನ್ನಲು ಯೋಗ್ಯವಾದ ಹಣ್ಣನ್ನು ಸಾಮಾನ್ಯವಾಗಿ ಕೊಡದು.

ಪರಾಗವನ್ನು ಹೊತ್ತೊಯ್ಯುವುದು ಬ್ಲಾಸ್ಟೊಫಾಗಾ ಸೀನಿಸ್ ಎಂಬ ಪುಟ್ಟ ಕಣಜದ ಹುಳು. ಇದು ಮೆಡಿಟರೇನಿಯನ್ ಸೀಮೆಯದು. ನಮ್ಮ ದಕ್ಷಿಣ ಭಾರತದ ತೋಟಗಳಲ್ಲಿ ಇಲ್ಲ. ನಮ್ಮ ಅತ್ತಿಹಣ್ಣನ್ನು ಬಿಡಿಸಿದಾಗ ಹಾರಿಬರುವ ಹುಳು ಬೇರೆಯೇ ಜಾತಿ, ಅದು ಅತ್ತಿಯನ್ನು ಬಿಟ್ಟು ಅಂಜೂರದ ಕಡೆ ಬರುವುದಿಲ್ಲ. ಆದ್ದರಿಂದ ಟರ್ಕಿಯ ಒಣ ಅಂಜೂರಕ್ಕೆ ಹೆಸರು ತಂದ ಸಾರಿಲೋಪ್ ಆಗಲಿ, ತಾಜಾ ಹಣ್ಣಿಗೆ ಹೆಸರಾದ ಕಪ್ಪು ಬುರ್ಸಾ ಆಗಲಿ, ಎಷ್ಟೇ ರುಚಿಯಾಗಿದ್ದರೂ ಕರ್ನಾಟಕದ ಹಿತ್ತಿಲಿಗೆ ಪ್ರಯೋಜನವಿಲ್ಲ. ಎರಡೂ ಸ್ಮಿರ್ನಾ ಗುಂಪಿಗೆ ಸೇರಿದವು.

ಕ್ಯಾಲಿಫೋರ್ನಿಯಾದವರು ಈ ಪಾಠವನ್ನು ದುಬಾರಿಯಾಗಿ ಕಲಿತರು. 1880ರ ದಶಕದಲ್ಲಿ ಸ್ಮಿರ್ನಾದಿಂದ, ಅಂದರೆ ಇಂದಿನ ಇಜ್ಮಿರ್‌ನಿಂದ, ಸಾವಿರಾರು ಕಡ್ಡಿಗಳನ್ನು ತರಿಸಿ ನೆಟ್ಟರು. ಮರಗಳು ಸೊಂಪಾಗಿ ಬೆಳೆದವು, ಹಣ್ಣು ಮಾತ್ರ ನಿಲ್ಲಲಿಲ್ಲ. ಕೆಲಸಕ್ಕೆ ಬಾರದ ಕಡ್ಡಿ ಕೊಟ್ಟು ಮೋಸ ಮಾಡಿದರೆಂದು ತುರ್ಕರನ್ನು ದೂರಿದವರೂ ಇದ್ದರು. ಕೊನೆಗೆ ಗಂಡು ಮರಗಳ ಜೊತೆಗೆ ಕಣಜವನ್ನೂ ತರಿಸಿ, 1899ರಲ್ಲಿ ಫ್ರೆಸ್ನೊ ಬಳಿಯ ಜಾರ್ಜ್ ರೋಡಿಂಗ್ ಅವರ ತೋಟದಲ್ಲಿ ಅದು ನೆಲೆಯೂರಿದ ಮೇಲೆಯೇ ಅಲ್ಲಿ ಸ್ಮಿರ್ನಾ ಅಂಜೂರ ಬೆಳೆಯೆನಿಸಿತು. ಅಮೆರಿಕದ ಮಾರುಕಟ್ಟೆಯಲ್ಲಿ ಕ್ಯಾಲಿಮಿರ್ನಾ ಎಂದು ಮಾರುವುದು ಅದೇ ಸಾರಿಲೋಪ್ ತಳಿಯನ್ನು. ಆದಕಾರಣ ಹೊರದೇಶದ ತೋಟದಲ್ಲಿ ಮರವೊಂದು ಹಣ್ಣಿನಿಂದ ತುಂಬಿರುವುದನ್ನು ಕಂಡ ಮಾತ್ರಕ್ಕೆ ಅದು ಇಲ್ಲಿಯೂ ಹಣ್ಣು ಬಿಡುವುದೆಂದು ತಿಳಿಯಬಾರದು. ಅಲ್ಲಿ ಕಣಜವಿದೆ, ಇಲ್ಲಿಲ್ಲ.

ಸ್ಯಾನ್ ಪೆಡ್ರೊ ಗುಂಪಿನ ಡೆಸರ್ಟ್ ಕಿಂಗ್ ಮುಂತಾದ ತಳಿಗಳನ್ನೂ ನಾನು ಬೇಡವೆನ್ನುತ್ತೇನೆ. ಅವುಗಳ ಮೊದಲ ಫಸಲು ಕಳೆದ ವರ್ಷದ ಕೊಂಬೆಯ ಮೇಲೆ ಬರುತ್ತದೆ; ನಮ್ಮಲ್ಲಿಯೋ ಗಿಡವನ್ನು ವರ್ಷಕ್ಕೊಮ್ಮೆ ಸವರಿ, ದ್ರಾಕ್ಷಿ ಬೆಳೆಗಾರರ ಮಾತಿನಲ್ಲಿ ಹೇಳುವುದಾದರೆ ಚಾಟ್ನಿ ಮಾಡಿ, ಹೊಸ ಚಿಗುರಿನಲ್ಲಿ ಬೆಳೆ ತೆಗೆಯುವುದು ರೂಢಿ. ಸವರಿದ ಕೊಂಬೆಯೊಂದಿಗೇ ಆ ಫಸಲೂ ಹೋಗುತ್ತದೆ.

ಉಳಿಯುವುದು ಸಾಮಾನ್ಯ ಅಂಜೂರಗಳು. ಇಟಲಿಯ ದೊತ್ತಾತೊ, ಅಮೆರಿಕದಲ್ಲಿ ಅದಕ್ಕೇ ಇರುವ ಹೆಸರಾದ ಕಡೋಟಾ, ಬ್ಲ್ಯಾಕ್ ಮಿಷನ್, ಕೊನಾಡ್ರಿಯಾ, ಸೆಲೆಸ್ಟ್, ಹಸಿರು ಹಳದಿ ಪಟ್ಟೆಯ ಪಾನಾಶೆ ಇವೆಲ್ಲ ಈ ಗುಂಪಿನವು. ಇವುಗಳಲ್ಲಿಯೂ ಹಣ್ಣಿನ ಬುಡದ ಕಣ್ಣನ್ನು ನೋಡಬೇಕು. ಕಣ್ಣು ಅಗಲವಾಗಿ ತೆರೆದುಕೊಳ್ಳುವ ತಳಿಯು ಒಣ ಬೇಸಿಗೆಯ ಊರಿಗೆ ಸರಿ; ಹಣ್ಣು ಮಾಗುವ ಹೊತ್ತಿಗೆ ಮಳೆ ಹಿಡಿಯುವ ಕಡೆ ನೀರು, ನೊಣ, ಇರುವೆಗಳು ಆ ಕಣ್ಣಿನ ಮೂಲಕವೇ ಒಳಹೊಕ್ಕು ಹಣ್ಣು ಹುಳಿಯುತ್ತದೆ. ಸೆಲೆಸ್ಟ್‌ನಂತೆ ಕಣ್ಣು ಮುಚ್ಚಿಕೊಂಡಿರುವ ತಳಿ ನಮಗೆ ಮೇಲು. ಇಷ್ಟಾದರೂ ಅಂಜೂರ ಬಯಲುಸೀಮೆಯ ಗಿಡ. ಆಗುಂಬೆಯ ಮಳೆಯಲ್ಲಿ ಯಾವ ತಳಿಯನ್ನು ತಂದರೂ ಹಣ್ಣಿಗಿಂತ ಎಲೆಯ ತುಕ್ಕೇ ಹೆಚ್ಚು.

ಇಲ್ಲಿಯೇ ಸಿಗುವುದನ್ನು ಕಡಲಾಚೆಯಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಶ್ರೀರಂಗಪಟ್ಟಣದ ಗಂಜಾಂ ಅಂಜೂರ, ಬಳ್ಳಾರಿ ಅಂಜೂರ, ಪೂನಾ ಅಂಜೂರ ಇವು ನಮ್ಮವು. ಬ್ರೌನ್ ಟರ್ಕಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಅಭಿವೃದ್ಧಿಯಾದ ಡಿಯಾನಾ ತಳಿಗಳು ಈಗಾಗಲೇ ಇಲ್ಲಿನ ನರ್ಸರಿಗಳಲ್ಲಿವೆ. ಇವುಗಳಲ್ಲಿ ಯಾವುದನ್ನಾದರೂ ಒಮ್ಮೆ ಬೆಳೆದು ಪಳಗಿದ ಮೇಲೆಯೇ ಹೊರಗಿನ ತಳಿಗೆ ಕೈಹಾಕುವುದು ಉತ್ತಮ. ಹಾಗೆಯೇ, ಅಂಗಡಿಯ ಒಣ ಅಂಜೂರದ ಬೀಜವನ್ನು ಬಿತ್ತಿ ತಳಿ ಪಡೆಯುವ ಆಸೆಯನ್ನೂ ಬಿಡಬೇಕು. ಪರಾಗಸ್ಪರ್ಶವಾದ ಹಣ್ಣಿನ ಬೀಜ ಮೊಳೆಯುವುದೇನೋ ನಿಜ. ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧ ಗಂಡು, ಉಳಿದವುಗಳಲ್ಲಿ ಹೆಚ್ಚಿನವು ಕಣಜವನ್ನು ಕೇಳುವಂಥವು.

ಕಾಗದಪತ್ರಗಳು

ಭಾರತಕ್ಕೆ ನಾಟಿಗೆಂದು ಬರುವ ಯಾವುದೇ ಸಸ್ಯಭಾಗವು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆಯಡಿ 2003ರಲ್ಲಿ ಹೊರಡಿಸಿದ ಸಸ್ಯ ಸಂಗರೋಧ, ಅಂದರೆ ಕ್ವಾರಂಟೈನ್, ಆದೇಶಕ್ಕೆ ಒಳಪಡುತ್ತದೆ. ಕಡ್ಡಿ ಒಂದಿರಲಿ ನೂರಿರಲಿ, ಸೂಟ್‌ಕೇಸಿನಲ್ಲಿ ಬರಲಿ ಅಂಚೆಯಲ್ಲಿ ಬರಲಿ, ಮುಖ್ಯವಾಗಿ ಎರಡು ಕಾಗದಗಳು ಬೇಕು. ಮೊದಲನೆಯದು ನಮ್ಮ ದೇಶ ಕೊಡುವ ಆಮದು ಪರವಾನಗಿ. ಎರಡನೆಯದು ಕಡ್ಡಿ ಹೊರಡುವ ದೇಶದ ಸಸ್ಯ ಸಂರಕ್ಷಣಾ ಇಲಾಖೆ ಪರೀಕ್ಷಿಸಿ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ, ಅಂದರೆ ಫೈಟೊಸ್ಯಾನಿಟರಿ ಸರ್ಟಿಫಿಕೇಟ್. ಈ ಅನುಕ್ರಮವನ್ನು ತಪ್ಪಿಸಬಾರದು. ಪರವಾನಗಿಯಲ್ಲಿ ಇಂತಿಂಥ ಕೀಟ, ಇಂತಿಂಥ ರೋಗ ಇಲ್ಲವೆಂದು ಹೆಚ್ಚುವರಿ ಘೋಷಣೆ ಬೇಕೆಂದು ಬರೆದಿದ್ದರೆ, ಆ ಮಾತುಗಳೇ ಪ್ರಮಾಣಪತ್ರದಲ್ಲಿಯೂ ಇರಬೇಕು; ಪರವಾನಗಿಯನ್ನು ನೋಡದೆ ಅಲ್ಲಿನ ಅಧಿಕಾರಿ ಅದನ್ನು ಬರೆಯಲಾರರು.

ಪರವಾನಗಿಯ ಅರ್ಜಿಯನ್ನು ಫರೀದಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಸಸ್ಯ ಸಂರಕ್ಷಣೆ, ಸಂಗರೋಧ ಮತ್ತು ದಾಸ್ತಾನು ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಗಿಡದ ಹೆಸರನ್ನು ಅಂಜೂರ ಎಂದಷ್ಟೇ ಬರೆಯದೆ ಫೈಕಸ್ ಕ್ಯಾರಿಕಾ ಎಂಬ ಸಸ್ಯಶಾಸ್ತ್ರೀಯ ಹೆಸರಿನಲ್ಲಿ, ತಳಿಯ ಹೆಸರು, ಕಡ್ಡಿಗಳ ಸಂಖ್ಯೆ, ಬರುವ ದೇಶ, ಬೇರಿಲ್ಲದ ಕಡ್ಡಿ ಎಂಬ ವಿವರಗಳೊಂದಿಗೆ ನಮೂದಿಸಬೇಕು. ಆದೇಶದ ಅನುಸೂಚಿಗಳಲ್ಲಿ ಯಾವ ಗಿಡವನ್ನು ಯಾವ ದೇಶದಿಂದ ಯಾವ ಷರತ್ತಿನ ಮೇಲೆ ತರಬಹುದೆಂದು ಪಟ್ಟಿ ಮಾಡಿದ್ದಾರೆ. ಈ ಪಟ್ಟಿಗಳಿಗೆ ಆಗಾಗ ತಿದ್ದುಪಡಿ ಆಗುವುದರಿಂದ, ಸ್ನೇಹಿತರೊಬ್ಬರು ಹಿಂದೆಂದೋ ತಂದ ಅನುಭವವನ್ನು ನೆಚ್ಚದೆ ಹೊರಡುವ ಮುನ್ನ ಸಂಗರೋಧ ಕೇಂದ್ರವನ್ನೇ ಕೇಳಿ ತಿಳಿಯಬೇಕು. ನಾಟಿಯ ಸಾಮಗ್ರಿಯು ನಿಗದಿಪಡಿಸಿದ ಪ್ರವೇಶ ನಿಲ್ದಾಣಗಳ ಮೂಲಕವೇ ಬರಬೇಕೆಂಬ ನಿಯಮವೂ ಇದೆ. ಮನೆಗೆ ಹತ್ತಿರವೆಂದು ಬೆಂಗಳೂರಿಗೆ ಟಿಕೆಟ್ ಮಾಡಿಸುವ ಮೊದಲು ಪರವಾನಗಿಯಲ್ಲಿ ಯಾವ ನಿಲ್ದಾಣದ ಹೆಸರಿದೆಯೆಂದು ನೋಡಿಕೊಳ್ಳಿ.

ತಂದ ಕಡ್ಡಿಯನ್ನು ಕೆಲಕಾಲ ಪ್ರತ್ಯೇಕವಾಗಿ ಬೆಳೆಸಿ ಅಧಿಕಾರಿಗಳ ತಪಾಸಣೆಗೆ ಒಡ್ಡುವ ಷರತ್ತನ್ನೂ ಹಾಕಬಹುದು. ಅದಕ್ಕೆ ಮಾನ್ಯತೆ ಪಡೆದ ಜಾಗ ಬೇಕು. ನಾಲ್ಕು ಕಡ್ಡಿಗಾಗಿ ಮನೆಯ ತಾರಸಿಯಲ್ಲಿ ಇಷ್ಟನ್ನೆಲ್ಲ ಮಾಡುವುದು ಹೆಚ್ಚಿನವರ ಕೈಮೀರಿದ್ದು ಎಂಬುದು ನಿಜ. ಆಮದು ಪರವಾನಗಿ ಇರುವ ನರ್ಸರಿಯೊಂದರ ಜೊತೆ ಸೇರಿ ತರಿಸುವುದು, ಅಥವಾ ತಳಿ ನಿಜಕ್ಕೂ ಅಪರೂಪದ್ದಾಗಿದ್ದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂತಹ ಸಂಸ್ಥೆಯ ವಿಜ್ಞಾನಿಗಳ ಗಮನಕ್ಕೆ ತರುವುದು ಹೆಚ್ಚು ವಿವೇಕದ ದಾರಿ. ಸಂಶೋಧನೆಗೆಂದು ಬರುವ ತಳಿಗಳಿಗೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಬೇರೆಯೇ ದಾರಿಯನ್ನು ಇಟ್ಟಿದೆ. ಪ್ರಯಾಣದ ದಿನ ಬಂದರೂ ಪರವಾನಗಿ ಕೈಸೇರದಿದ್ದರೆ ಕಡ್ಡಿಯನ್ನು ಅಲ್ಲಿಯೇ ಬಿಟ್ಟು, ತಳಿಯ ಹೆಸರನ್ನೂ ಎಲೆ, ಹಣ್ಣುಗಳ ಚಿತ್ರವನ್ನೂ ತೆಗೆದುಕೊಂಡು ಬನ್ನಿ. ಸಾಕ್ಸಿನೊಳಗೆ ಸುತ್ತಿ ತರುವ ಉಪಾಯವನ್ನು ಹೇಳಿಕೊಡುವವರು ಎಲ್ಲ ಕಡೆ ಇದ್ದಾರೆ. ಅವರ ಮಾತನ್ನು ಕೇಳಬಾರದು.

ಇಷ್ಟು ಬಿಗಿ ಏಕೆಂಬುದಕ್ಕೆ ನಮ್ಮ ರೇಷ್ಮೆ ಬೆಳೆಗಾರರೇ ಸಾಕ್ಷಿ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಪಪ್ಪಾಯಿಯಿಂದ ಹಿಪ್ಪುನೇರಳೆಗೆ ದಾಟಿ ತಮಿಳುನಾಡು, ಕರ್ನಾಟಕಗಳ ತೋಟಗಳನ್ನು ಬಿಳಿಯ ಹಿಟ್ಟಿನಿಂದ ಮುಚ್ಚಿಬಿಟ್ಟಿತು. ಕೀಟನಾಶಕಗಳು ಸೋತ ಮೇಲೆ, 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯು ಪೋರ್ಟೊರಿಕೊದಿಂದ ಆ ತಿಗಣೆಯನ್ನೇ ತಿಂದು ಬೆಳೆಯುವ ಪರತಂತ್ರ ಕಣಜವನ್ನು ತರಿಸಿ ಬಿಟ್ಟ ಬಳಿಕ ಅದು ಹತೋಟಿಗೆ ಬಂತು. ಅಂಜೂರವೂ ಹಿಪ್ಪುನೇರಳೆಯೂ ಒಂದೇ ಸಸ್ಯಕುಟುಂಬದವು. ಅಂಜೂರದ ತೊಗಟೆಯ ಸಂದಿನಲ್ಲಿ ಅಡಗಿ ಬಂದ ಶಲ್ಕ ಕೀಟಕ್ಕೋ ನುಸಿಗೋ ಪಕ್ಕದ ಹಿಪ್ಪುನೇರಳೆ ತೋಟ ಅಪರಿಚಿತ ಊಟವೇನಲ್ಲ. ದಕ್ಷಿಣ ಇಟಲಿಯ ಪೂಲ್ಯಾದಲ್ಲಿ 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿದೆ. ಅದು ಹಲವು ಬಗೆಯ ಗಿಡಗಳ ಕಾಂಡದೊಳಗೆ ಸದ್ದಿಲ್ಲದೆ ಇರಬಲ್ಲದು, ಹೊರಗಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಪ್ರಮಾಣಪತ್ರದ ಬೆಲೆ ಇರುವುದು ಇಲ್ಲಿ.

ಇನ್ನೊಂದು ಮಾತು. ಮರದ ಒಡೆಯರ ಒಪ್ಪಿಗೆ ಬೇಕೆಂಬುದನ್ನು ಹೇಳಬೇಕಿಲ್ಲವಾದರೂ, ಕೆಲವು ಹೊಸ ತಳಿಗಳಿಗೆ ಪೇಟೆಂಟ್ ಇರುತ್ತದೆ. ಅಂಥವನ್ನು ಒಡೆಯರು ಪ್ರೀತಿಯಿಂದ ಕೊಟ್ಟರೂ ಕಡ್ಡಿಯಿಂದ ಬೆಳೆಸುವಂತಿಲ್ಲ.

ಕಾಲ ಮತ್ತು ಕತ್ತರಿಸುವ ಬಗೆ

ಉತ್ತರ ಗೋಳಾರ್ಧದಲ್ಲಿ ಅಂಜೂರವು ಎಲೆ ಉದುರಿಸಿ ನಿದ್ದೆ ಹೋಗುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆಸ್ಟ್ರೇಲಿಯಾದಂತಹ ದಕ್ಷಿಣದ ನಾಡುಗಳಲ್ಲಿ ಜೂನಿನಿಂದ ಆಗಸ್ಟ್‌ವರೆಗೆ. ಈ ಕಾಲದ ಕಡ್ಡಿಯಲ್ಲಿ ಹಿಟ್ಟಿನ ಸಂಗ್ರಹ ತುಂಬಿರುತ್ತದೆ, ಎಲೆಯಿಲ್ಲದ ಕಾರಣ ತೇವವೂ ಬೇಗ ಹೋಗುವುದಿಲ್ಲ, ಎಲೆಯೊಂದಿಗೆ ಬರುವ ರೋಗಗಳೂ ಕಡಿಮೆ. ಬೇಸಿಗೆಯ ರಜೆಯಲ್ಲಿ, ಅಂದರೆ ಅಲ್ಲಿ ಮರದ ತುಂಬ ಎಲೆ ಹಣ್ಣುಗಳಿರುವಾಗ ಹೋದವರು ಹಸಿರು ಕೊಂಬೆಯನ್ನು ಕತ್ತರಿಸಿ ತಂದರೆ ಬಹುಪಾಲು ದಾರಿಯಲ್ಲೇ ಕೊಳೆಯುತ್ತದೆ. ಜನವರಿಯಲ್ಲಿ ಕತ್ತರಿಸಿದ್ದು ಫೆಬ್ರವರಿಯ ಆರಂಭಕ್ಕೆ ಕರ್ನಾಟಕ ತಲುಪಿದರೆ ಬೇಸಿಗೆಯ ಉರಿ ಏರುವ ಮೊದಲೇ ಬೇರು ಬಿಟ್ಟಿರುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇರಿಲ್ಲ.

ಹಿಂದಿನ ಬೇಸಿಗೆಯಲ್ಲಿ ಬೆಳೆದು ಬಲಿತ, ಪೆನ್ಸಿಲ್ಲಿನಿಂದ ಹೆಬ್ಬೆರಳಿನವರೆಗಿನ ದಪ್ಪದ ಕೊಂಬೆಯನ್ನು ಆರಿಸಿಕೊಳ್ಳಬೇಕು. ಗಿಣ್ಣುಗಳು ಹತ್ತಿರ ಹತ್ತಿರ ಇರುವ ಭಾಗ ಮೇಲು. ತುದಿಯ ಎಳೆಯ ಹಸಿರು ಭಾಗ ಬೇಡ. 15ರಿಂದ 20 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಗಿಣ್ಣು ಸಾಕು. ಕೆಳಗಿನ ಕೊಯ್ತವನ್ನು ಗಿಣ್ಣಿನ ಕೆಳಗೆ ಒತ್ತಿಕೊಂಡಂತೆ ನೇರವಾಗಿ, ಮೇಲಿನದನ್ನು ಗಿಣ್ಣಿನಿಂದ ಒಂದು ಬೆರಳು ಮೇಲೆ ಓರೆಯಾಗಿ ಮಾಡಿದರೆ, ಮನೆಗೆ ಬಂದ ಮೇಲೆ ತಲೆ ಯಾವುದು ಬುಡ ಯಾವುದು ಎಂಬ ಗೊಂದಲ ಇರುವುದಿಲ್ಲ. ತಲೆಕೆಳಗಾಗಿ ನೆಟ್ಟು ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇನೆ. ಕತ್ತರಿಯನ್ನು ಮರದಿಂದ ಮರಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಬೇಕು. ಕೊಯ್ತದಲ್ಲಿ ಒಸರುವ ಬಿಳಿಯ ಸೊನೆ ಚರ್ಮಕ್ಕೆ ತಗುಲಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಹ ಗಾಯವಾಗಬಹುದು. ಆದ್ದರಿಂದ ಕೈಗವಸು ಧರಿಸುವುದು ಒಳ್ಳೆಯದು.

ಸೊನೆ ಆರಿದ ಮೇಲೆ ಉಳಿದಿರುವ ಎಲೆತೊಟ್ಟುಗಳನ್ನೂ ಮಿಡಿಕಾಯಿಗಳನ್ನೂ ಕಿತ್ತು, ಸೋಪಿನ ನೀರಿನಲ್ಲಿ ಮೆದು ಬ್ರಷ್‌ನಿಂದ ಗಿಣ್ಣಿನ ಸಂದುಗಳನ್ನು ಉಜ್ಜಬೇಕು. ಆಮೇಲೆ ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಒಂದೆರಡು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಬೇಕು. ಇದು ತೊಗಟೆಯ ಮೇಲಿನ ಬೂಷ್ಟನ್ನು ತೆಗೆಯುತ್ತದೆ, ಒಳಗಿನ ವೈರಸ್ಸಿಗೆ ಇದರಿಂದ ಏನೂ ಆಗದು. ಅಂಜೂರದಲ್ಲಿ ವ್ಯಾಪಕವಾಗಿರುವ ಮೊಸಾಯಿಕ್ ರೋಗ ಅಂತಹದು; ಎಲೆಯ ಮೇಲೆ ಹಳದಿ ಮಚ್ಚೆ, ವಕ್ರವಾದ ಎಲೆ ಅದರ ಗುರುತು. ಚಳಿಗಾಲದ ಬರಿಯ ಕೊಂಬೆಯಲ್ಲಿ ಅದು ಕಾಣಿಸದು. ಹೀಗಾಗಿ ಸಾಧ್ಯವಾದರೆ ಅದೇ ಮರದ ಹಿಂದಿನ ಬೇಸಿಗೆಯ ಎಲೆಯ ಚಿತ್ರವನ್ನು ಒಡೆಯರಿಂದ ಕೇಳಿ ನೋಡಬೇಕು. ಮಣ್ಣಿನಿಂದ ಮೇಲೆದ್ದ ಬುಡದ ಮರಿಗಳನ್ನು ಬೇರು ಸಮೇತ ತರುವ ಯೋಚನೆಯನ್ನು ಬಿಡಬೇಕು. ಹೊರಗಿನ ಮಣ್ಣಿನ ಆಮದು ನಿಷಿದ್ಧ, ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುಗಳೂ ಬರುತ್ತವೆ.

ಕಟ್ಟುವುದು, ತರುವುದು

ಪ್ರತಿ ಕಡ್ಡಿಯ ತೊಗಟೆಯ ಮೇಲೆಯೇ ಅಳಿಸದ ಮಾರ್ಕರ್‌ನಿಂದ ತಳಿಯ ಹೆಸರು ಬರೆಯಿರಿ. ಕಟ್ಟಿದ ಚೀಟಿ ಬಿದ್ದುಹೋಗುತ್ತದೆ. ಕಡ್ಡಿಯ ಎರಡೂ ತುದಿಗಳನ್ನು ಕರಗಿದ ಮೇಣದಲ್ಲಿ ಅದ್ದಿ ಮುಚ್ಚಿ, ನೀರಿನಲ್ಲಿ ನೆನೆಸಿ ಬಲವಾಗಿ ಹಿಂಡಿದ ಪೇಪರ್ ಟವೆಲಿನಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ಹಾಕಬೇಕು. ಕೈಗೆ ತಣ್ಣಗೆನಿಸಬೇಕು, ಒದ್ದೆಯೆನಿಸಬಾರದು. ಪಾಚಿ, ಹುಲ್ಲು, ಮರದ ಹೊಟ್ಟು ಇವನ್ನು ಸುತ್ತಲು ಬಳಸಬೇಡಿ; ಇವೇ ಬೇರೆ ತಕರಾರಿಗೆ ಕಾರಣವಾಗುತ್ತವೆ. ಹೊರಡುವವರೆಗೆ ಫ್ರಿಜ್ಜಿನ ತರಕಾರಿ ಖಾನೆಯಲ್ಲಿ, ಸೇಬಿನಂತಹ ಹಣ್ಣುಗಳಿಂದ ದೂರವಿಟ್ಟರೆ ಎರಡು ಮೂರು ತಿಂಗಳಾದರೂ ಕೆಡುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಮಾತ್ರ ಸತ್ತುಹೋಗುತ್ತದೆ.

ಪರೀಕ್ಷಕರು ಬಿಚ್ಚಿ ನೋಡಲು ಅನುಕೂಲವಾಗುವಂತೆ ಚೀಲವನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿಟ್ಟು, ಪರವಾನಗಿ ಮತ್ತು ಪ್ರಮಾಣಪತ್ರದ ಮೂಲ ಪ್ರತಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಇಳಿದ ಮೇಲೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ, ನಾಟಿಯ ಸಾಮಗ್ರಿ ಇದೆಯೆಂದು ನೀವಾಗಿಯೇ ಹೇಳಬೇಕು. ತಪಾಸಣೆಗೆಂದು ಕಡ್ಡಿಗಳನ್ನು ಕೆಲದಿನ ಅಲ್ಲಿಯೇ ಇರಿಸಿಕೊಳ್ಳುವ ಸಾಧ್ಯತೆಯಿದೆ. ಮೇಣ ಹಚ್ಚಿ ಚೆನ್ನಾಗಿ ಕಟ್ಟಿದ್ದರೆ ಅದರಿಂದ ನಷ್ಟವಿಲ್ಲ. ಬಿಡಿಸಿಕೊಂಡ ಮೇಲೆ ಊರಿಗೆ ಹೋಗುವ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬಿಡದಿರಿ. ಅಷ್ಟು ದೂರ ಕೆಡದೆ ಬಂದದ್ದು ಕೊನೆಯ ನಾಲ್ಕು ಗಂಟೆಯಲ್ಲಿ ಬೆಂದುಹೋಗುವುದುಂಟು.

ಬೇರು ಬಿಡಿಸುವುದು

ಮನೆಗೆ ಬಂದ ಕಡ್ಡಿಯ ಬುಡದ ಮೇಣವನ್ನು ಕತ್ತರಿಸಿ ತೆಗೆದು, ಹೊಸ ಕೊಯ್ತ ಮಾಡಿ, ಬುಡ ಮಾತ್ರ ಮುಳುಗುವಂತೆ ನಾಲ್ಕಾರು ಗಂಟೆ ಶುದ್ಧ ನೀರಿನಲ್ಲಿ ನಿಲ್ಲಿಸಬೇಕು. ತಲೆಯ ಮೇಣ ಹಾಗೆಯೇ ಇರಲಿ. ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ. ಬುಡದ ಒಂದಂಗುಲದಲ್ಲಿ ಎರಡು ಕಡೆ ತೊಗಟೆಯನ್ನು ತೆಳುವಾಗಿ ಗೀರಿ, ಐಬಿಎ ಇರುವ ಬೇರು ಬಿಡಿಸುವ ಪುಡಿಯನ್ನು ಹಚ್ಚಿದರೆ ಬೇರು ಹೆಚ್ಚು ಕಡೆಗಳಿಂದ ಬರುತ್ತದೆ. ಪುಡಿ ಇಲ್ಲದಿದ್ದರೂ ಅಂಜೂರ ಬೇರು ಬಿಡುತ್ತದೆ, ಚಿಂತಿಸಬೇಕಿಲ್ಲ.

ತುಂಬಲು ಮಣ್ಣನ್ನು ಬಳಸಬೇಡಿ. ತೆಂಗಿನ ನಾರಿನ ಪುಡಿಯನ್ನು, ಅಂದರೆ ಕೋಕೊಪೀಟನ್ನು, ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪಿನಂಶ ಹೋಗಲಾಡಿಸಿ, ಅಷ್ಟೇ ಪ್ರಮಾಣದ ಪರ್ಲೈಟ್, ಅಂದರೆ ನರ್ಸರಿಗಳಲ್ಲಿ ಸಿಗುವ ಹಗುರವಾದ ಬಿಳಿಯ ಹರಳು, ಬೆರೆಸಬೇಕು. ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ಈ ಒಂದು ಹದದ ಮೇಲೆ ಎಲ್ಲವೂ ನಿಂತಿದೆ. ಹಣ್ಣಿನ ರಸ ಮಾರುವ ಅಂಗಡಿಯವರು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಲೋಟ, ಅರ್ಧ ಲೀಟರಿನದು, ಇದಕ್ಕೆ ಹೇಳಿಮಾಡಿಸಿದಂತಿದೆ; ಒಳಗೆ ಬೇರು ಬಂತೇ ಎಂದು ಕಡ್ಡಿ ಕಿತ್ತು ನೋಡುವ ಚಪಲ ಇದರಿಂದ ತಪ್ಪುತ್ತದೆ. ತಳಕ್ಕೂ ಬದಿಗಳಿಗೂ ಕಾದ ಮೊಳೆಯಿಂದ ತೂತು ಮಾಡಿ, ಮಿಶ್ರಣ ತುಂಬಿ, ಮೇಲಿನ ಒಂದು ಗಿಣ್ಣು ಮಾತ್ರ ಹೊರಗಿರುವಂತೆ ಕಡ್ಡಿಯನ್ನು ನಿಲ್ಲಿಸಿ ಮೆಲ್ಲಗೆ ಅದುಮಬೇಕು. ಲೋಟದ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಮುಚ್ಚಿ, ಬೆಳಕಿದ್ದರೂ ನೇರ ಬಿಸಿಲು ಬೀಳದ ಕಡೆ ಇಡಬೇಕು.

ಬೇರಿಗೆ 22ರಿಂದ 26 ಡಿಗ್ರಿಯ ಬೆಚ್ಚಗೆ ಹಿತ. ಬೆಂಗಳೂರು, ಮೈಸೂರುಗಳ ಫೆಬ್ರವರಿ ಹಗಲು ಇದಕ್ಕೆ ಸರಿಯಾಗಿದೆ, ರಾತ್ರಿ ಮಾತ್ರ ಅಡಿಗೆಮನೆಯ ಅಟ್ಟದಂತಹ ಬೆಚ್ಚನೆಯ ಜಾಗಕ್ಕೆ ಸರಿಸಬಹುದು. ಮಂಗಳೂರಿನ ಕಡೆ ಗಾಳಿಯಲ್ಲೇ ತೇವವಿರುವುದರಿಂದ ಚೀಲ ಮುಚ್ಚುವ ಅಗತ್ಯ ಕಡಿಮೆ, ಬೂಷ್ಟಿನ ಭಯ ಹೆಚ್ಚು. ಕಲಬುರಗಿ, ರಾಯಚೂರುಗಳಲ್ಲಿ ಮಾರ್ಚ್ ಕಳೆದರೆ ಮನೆಯೊಳಗಿನ ಅತ್ಯಂತ ತಂಪಾದ ಮೂಲೆಯೇ ಗತಿ.

ಎರಡು ಮೂರು ವಾರಗಳಲ್ಲಿ ತೊಗಟೆಯ ಮೇಲೆ ಬಿಳಿಯ ಗುಳ್ಳೆಗಳು ಏಳುತ್ತವೆ, ಬಳಿಕ ಅಲ್ಲಿಂದ ಬೇರು ಹೊರಡುತ್ತದೆ. ಇಲ್ಲಿ ಅಂಜೂರವು ಹೊಸಬರನ್ನು ಮೋಸಗೊಳಿಸುತ್ತದೆ: ಅನೇಕ ಕಡ್ಡಿಗಳು ಬೇರು ಬರುವ ಮೊದಲೇ ಒಳಗಿನ ಸಂಗ್ರಹದಿಂದ ಎರಡು ಮೂರು ಎಲೆ ಬಿಡುತ್ತವೆ. ಅದನ್ನು ಕಂಡು ಗಿಡ ಹಿಡಿಯಿತೆಂದು ಸಂತೋಷಪಟ್ಟು ದಿನವೂ ನೀರು ಹಾಕಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ನನ್ನ ಮೊದಲ ಆರು ಕಡ್ಡಿಗಳಲ್ಲಿ ಐದು ಹೀಗೆಯೇ ಹೋದವು. ಉಳಿದದ್ದು ನಾನು ಊರಿಗೆ ಹೋದಾಗ ನೀರಿಲ್ಲದೆ ಎರಡು ವಾರ ಕಪಾಟಿನ ಹಿಂದೆ ಮರೆತುಹೋಗಿದ್ದ ಒಂದೇ ಒಂದು. ಲೋಟದ ಗೋಡೆಯ ಒಳಗೆ ಮಂಜಿನ ಹನಿ ಕಾಣುತ್ತಿರುವವರೆಗೆ ನೀರು ಬೇಡ. ಲೋಟ ಎತ್ತಿದಾಗ ಹಗುರವೆನಿಸಿದರೆ ಮಾತ್ರ ಎರಡು ಚಮಚ ನೀರನ್ನು ಅಂಚಿನಲ್ಲಿ ಬಿಡಬೇಕು. ಕಡ್ಡಿಯ ಮೇಲೆ ಬಿಳಿ ಬೂಷ್ಟು ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ದಿನಕ್ಕೊಮ್ಮೆ ಚೀಲ ತೆಗೆದು ಗಾಳಿಯಾಡಿಸಬೇಕು. ಸಣ್ಣ ಕಪ್ಪು ನೊಣಗಳು ಹಾರಾಡತೊಡಗಿದರೆ ಅದು ನೀರು ಹೆಚ್ಚಾಗಿರುವುದರ ಸೂಚನೆ.

ಬೇರುಗಳು ಲೋಟದ ಗೋಡೆಗೆ ಒತ್ತಿಕೊಂಡು ಬಿಳಿಯ ಬಲೆಯಂತೆ ಕಂಡಾಗ, ಅಂದರೆ ಸಾಮಾನ್ಯವಾಗಿ ಐದಾರು ವಾರಕ್ಕೆ, ಚೀಲವನ್ನು ತೆಗೆಯುವ ಕಾಲ. ಒಮ್ಮೆಲೇ ತೆಗೆದರೆ ಎಲೆ ಬಾಡುತ್ತದೆ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಹತ್ತು ದಿನಗಳಲ್ಲಿ ಪೂರ್ತಿ ತೆರೆದ ಗಾಳಿಗೆ ಒಗ್ಗಿಸಬೇಕು. ಬಳಿಕ ಲೋಟವನ್ನು ಕತ್ತರಿಸಿ, ಬೇರಿನ ಹೆಂಟೆ ಒಡೆಯದಂತೆ ಮೂರು ಲೀಟರಿನ ಕುಂಡಕ್ಕೆ ಇಳಿಸಬೇಕು. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ಇರಲಿ. ರಾಸಾಯನಿಕ ಗೊಬ್ಬರವನ್ನು ಹೊಸ ಎಲೆ ನಾಲ್ಕೈದು ಬರುವವರೆಗೆ ಮುಟ್ಟಬೇಡಿ.

ಮೊದಲ ವರ್ಷದ ನಿಗಾ

ಸರ್ಕಾರದ ತಪಾಸಣೆ ಮುಗಿದಿದ್ದರೂ ಹೊಸ ಗಿಡವನ್ನು ಕನಿಷ್ಠ ಒಂದು ಮಳೆಗಾಲ ಕಳೆಯುವವರೆಗೆ ಮನೆಯ ಬೇರೆ ಅಂಜೂರ, ಹಿಪ್ಪುನೇರಳೆಗಳಿಂದ ದೂರವಿಡಬೇಕು. ಅದಕ್ಕೆ ಬಳಸಿದ ಕತ್ತರಿಯೂ ಬೇರೆಯಾಗಿರಲಿ. ವಾರಕ್ಕೊಮ್ಮೆ ಎಲೆಯ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಮೊದಲ ಒಂದೆರಡು ಎಲೆಯಲ್ಲಿ ಮೊಸಾಯಿಕ್‌ನ ಮಚ್ಚೆ ತುಸು ಕಂಡು, ಗಿಡ ಬಲಿತಂತೆ ಮರೆಯಾಗುವುದುಂಟು. ಎಲೆಗಳೆಲ್ಲ ವಕ್ರವಾಗಿ ಬೆಳವಣಿಗೆಯೇ ನಿಂತರೆ ಮಾತ್ರ ಮಮತೆ ತೋರದೆ ಸುಟ್ಟುಬಿಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಸಿಂಪಡಣೆಯಿಂದ ವೈರಸ್ ಹೋಗುವುದಿಲ್ಲ, ನುಸಿಗಳು ಅದನ್ನು ಪಕ್ಕದ ಗಿಡಕ್ಕೆ ಒಯ್ಯುತ್ತವೆ. ಮಳೆಗಾಲದಲ್ಲಿ ಎಲೆಯ ಕೆಳಗೆ ಕಾಣುವ ಕಿತ್ತಳೆ ಕಂದು ಬಣ್ಣದ ಪುಡಿ ತುಕ್ಕು ರೋಗದ್ದು. ಅದು ಇಲ್ಲಿಯದೇ, ಕಡ್ಡಿಯೊಂದಿಗೆ ಬಂದದ್ದೆಂದು ಹೆದರಬೇಕಿಲ್ಲ; ರೋಗದ ಎಲೆಗಳನ್ನು ಆರಿಸಿ ತೆಗೆದು, ಗಾಳಿ ಬೆಳಕು ಆಡುವಂತೆ ಗಿಡವನ್ನು ಇಟ್ಟರೆ ಹೆಚ್ಚಿನ ಮಟ್ಟಿಗೆ ತಡೆದೀತು.

ಮೊದಲ ವರ್ಷವೇ ಎಲೆಯ ಬುಡದಲ್ಲಿ ಒಂದೆರಡು ಕಾಯಿ ಮೂಡಿದರೆ ಚಿವುಟಿ ಹಾಕುವುದು ಒಳ್ಳೆಯದು. ಎರಡನೆಯ ವರ್ಷ ಒಂದೆರಡು ಕಾಯಿಯನ್ನು ಬಿಟ್ಟು ನೋಡಿ. ಬಟಾಣಿಯ ಗಾತ್ರ ದಾಟಿ, ತಿಂಗಳುಗಳ ಕಾಲ ಗಟ್ಟಿಯಾಗಿ ನಿಂತು, ಕೊನೆಗೆ ಒಂದು ವಾರದಲ್ಲಿ ಏಕಾಏಕಿ ಊದಿ ಕತ್ತು ಬಗ್ಗಿಸಿದರೆ ಅದು ಸಾಮಾನ್ಯ ಅಂಜೂರವೇ ಹೌದು. ನೆಲಕ್ಕೆ ನೆಡುವ ತೀರ್ಮಾನವನ್ನು ಅಲ್ಲಿಯವರೆಗೆ ತಡೆದು, ಆ ಬಳಿಕ ಗಿಡಕ್ಕೂ ಗಿಡಕ್ಕೂ ನಾಲ್ಕೈದು ಮೀಟರ್ ಬಿಟ್ಟು, ಮನೆಯ ಗೋಡೆ ಹಾಗೂ ನೀರಿನ ಪೈಪಿನಿಂದ ದೂರದಲ್ಲಿ ಗುಂಡಿ ತೆಗೆಯಬಹುದು. ಅಂಜೂರದ ಬೇರು ತೇವವನ್ನು ಹುಡುಕಿಕೊಂಡು ಪೈಪಿನ ಬಿರುಕಿನೊಳಗೂ ನುಗ್ಗುತ್ತದೆ.